ಸ್ಮರಣ ಸಂಚಿಕೆಯ ಕೊನೆಯ ಪುಟಗಳು: ಮುಂಬಯಿಯ ಡಾನ್ಸ್ ಬಾರ್ ಮತ್ತು ನಮ್ಮ ಚರಿತ್ರೆ

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಅರಿಯಬಯಸುವವರಿಗೆ ಇಂದಿಗೂ ದೊಡ್ಡ ಆಕರವೆಂದರೆ ಇಲ್ಲಿನ ಸಂಘಸಂಸ್ಥೆಗಳು ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ, ಅಮೃತ ಮಹೋತ್ಸವಗಳ ನಿಮಿತ್ತ ಹೊರತಂದಿರುವ ಸ್ಮರಣ ಸಂಚಿಕೆಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಷನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದ ಈ ನಗರದಲ್ಲಿ ಅಂತಹ ಸಂಚಿಕೆಗಳಿಗೆ ಬರವಿಲ್ಲ. ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗು, ಹಗಲು ಮೇಜು ಒರೆಸಿ ರಾತ್ರಿ ಅಕ್ಷರ ಕಲಿತ ಹುಡುಗರ ರಾತ್ರಿಶಾಲೆಗಳು, ಯಕ್ಷಗಾನದ ತಿರುಗಾಟಗಳು, ನಾಟಕ ಸ್ಪರ್ಧೆಗಳು, ಊರಿನ ದೇವಸ್ಥಾನಗಳ ಜೀರ್ಣೋದ್ಧಾರಕ್ಕೆ ಇಲ್ಲಿಂದ ಹರಿದ ಹಣ ಇವೆಲ್ಲವೂ ಆ ಲೇಖನಗಳಲ್ಲಿ ವಿವರವಾಗಿ ದಾಖಲಾಗಿವೆ.

ಲೇಖನಗಳು ಮುಗಿದ ಮೇಲೆ ಜಾಹೀರಾತುಗಳು ಬರುತ್ತವೆ. ನಾವು ಕೆಲವು ಗೆಳೆಯರು ಹಳೆಯ ಸಂಚಿಕೆಗಳನ್ನು ಗುಡ್ಡೆ ಹಾಕಿಕೊಂಡು ಓದತೊಡಗಿದಾಗ ನಮ್ಮ ಗಮನವನ್ನು ಸೆಳೆದದ್ದು ಆ ಕೊನೆಯ ಪುಟಗಳು. ಮುಂದಿನ ಪುಟಗಳ ಹೋಟೆಲುಗಳೆಲ್ಲ ಇಡ್ಲಿ ಸಾಂಬಾರಿನವು. ಹಿಂದಿನ ಪುಟಗಳಲ್ಲಿ ಶುಭ ಹಾರೈಸುವವುಗಳಲ್ಲಿ ಬಾರ್ ಆಂಡ್ ರೆಸ್ಟೋರೆಂಟುಗಳು, ಪರ್ಮಿಟ್ ರೂಮುಗಳು ಯಥೇಚ್ಛವಾಗಿವೆ. ಒಂದೇ ಸಂಪುಟದ ಎರಡು ರಟ್ಟುಗಳ ನಡುವೆ ಹೀಗೆ ಎರಡು ಚರಿತ್ರೆಗಳಿವೆ. ಒಂದನ್ನು ಬರೆಯಲಾಗಿದೆ, ಇನ್ನೊಂದು ಅದರ ಮುದ್ರಣವೆಚ್ಚದ ಒಂದು ಪಾಲನ್ನು ಭರಿಸಿದೆ. ಆ ಎರಡನೆಯ ಚರಿತ್ರೆಯ ಒಂದು ಅಧ್ಯಾಯವಾದ ಡಾನ್ಸ್ ಬಾರಿನ ಕುರಿತು, ಅಲ್ಲಿ ಕುಣಿದ ಹೆಂಗಸರ ಕುರಿತು ಮತ್ತು ಅವರ ಗೌರವದ ಹೆಸರಿನಲ್ಲಿ ನಡೆದ ಶಾಸನಗಳ ಕುರಿತು ಇಲ್ಲಿ ಕೆಲವು ಮಾತುಗಳನ್ನು ಆಡಬಯಸುತ್ತೇವೆ.

ಮೊದಲು ಹೋಟೆಲು ಬಾರಾದ ಬಗೆಯನ್ನು ನೋಡಬೇಕು. 1949ರ ಮುಂಬಯಿ ಪಾನನಿರೋಧ ಕಾಯಿದೆ ಈ ಪ್ರಾಂತವನ್ನು ಕಾಗದದ ಮೇಲೆ ಒಣಗಿಸಿತು. ಕುಡಿಯಬೇಕಾದವನು ಸರಕಾರದಿಂದ ಪರವಾನಗಿ ಪಡೆಯಬೇಕು. ನಿಷೇಧ 1960ರ ದಶಕದಿಂದ ಹಂತಹಂತವಾಗಿ ಸಡಿಲಗೊಂಡಿತಾದರೂ ಕಾಯಿದೆ ಹೋಗಲಿಲ್ಲ, ಪರವಾನಗಿಯ ಪದ್ಧತಿಯೂ ಹೋಗಲಿಲ್ಲ. ಪರವಾನಗಿ ಉಳ್ಳವರು ಕುಳಿತು ಕುಡಿಯುವ ಕೋಣೆಗೆ ಪರ್ಮಿಟ್ ರೂಮು ಎಂಬ ಹೆಸರು ಹೀಗೆ ಬಂದು, ಇಂದಿಗೂ ಫಲಕಗಳ ಮೇಲೆ ನಿಂತಿದೆ. ಇದೇ ಕಾಲದಲ್ಲಿ ನಗರದ ಬಾಡಿಗೆಗಳು ಏರುತ್ತಿದ್ದವು. ಒಂದು ಕಾಫಿ ಕುಡಿದು ಪತ್ರಿಕೆ ಓದುತ್ತ ಕೂರುವ ಗಿರಾಕಿಗೂ ಎರಡು ಬಿಯರು ತರಿಸಿಕೊಳ್ಳುವ ಗಿರಾಕಿಗೂ ಒಂದೇ ಕುರ್ಚಿ ಸಾಕು; ಆ ಕುರ್ಚಿಯ ಗಳಿಕೆ ಮಾತ್ರ ಬೇರೆ. ತುಳುನಾಡಿನಿಂದ ಬಂದು ಹೋಟೆಲು ಕಟ್ಟಿದವರಲ್ಲಿ ಹಲವರು ಈ ಲೆಕ್ಕವನ್ನು ಮಾಡಿಕೊಂಡು ಅಬಕಾರಿ ಪರವಾನಗಿ ತೆಗೆದುಕೊಂಡರು. ಎಲ್ಲರೂ ತೆಗೆದುಕೊಳ್ಳಲಿಲ್ಲ. ಬಾರಿನ ಉದ್ಯಮ ಅವರೊಬ್ಬರದೇ ಆಗಿರಲೂ ಇಲ್ಲ. ಪಂಜಾಬಿಗಳು, ಸಿಂಧಿಗಳು, ಮರಾಠಿಗರು ಅದರಲ್ಲಿದ್ದರು. ಆದರೆ ನಗರದ ಆಡುಮಾತಿನಲ್ಲಿ ಬಾರಿನ ಗಲ್ಲೆಯ ಮೇಲೆ ಕೂತವನಿಗೆ 'ಅಣ್ಣಾ' ಎಂಬ ಸಂಬೋಧನೆ ರೂಢಿಯಾಯಿತೆಂಬುದೇ ನಮ್ಮವರ ಪಾಲು ಎಷ್ಟಿತ್ತೆಂಬುದಕ್ಕೆ ಸಾಕ್ಷಿ.

ಬೀದಿಗೆ ಒಂದು ಬಾರಿದ್ದಾಗ ಬಿಯರು ಸಾಕಾಗಿತ್ತು. ಬೀದಿಗೆ ಐದಾದಾಗ ಪೈಪೋಟಿ ಬೇರೆ ದಾರಿ ಹುಡುಕಿತು. ಮೊದಲು ಆರ್ಕೆಸ್ಟ್ರಾ, ಬಳಿಕ ಬಡಿಸಲು ಹೆಂಗಸರು, ಬಳಿಕ ಸಿನಿಮಾ ಹಾಡುಗಳಿಗೆ ಕುಣಿತ. 1980 ಮತ್ತು 90ರ ದಶಕಗಳಲ್ಲಿ 'ಡಾನ್ಸ್ ಬಾರ್' ಎಂಬ ಮಾತು ಮುಂಬಯಿ, ಠಾಣೆ, ಪನ್ವೇಲುಗಳಲ್ಲಿ ಎಲ್ಲರಿಗೂ ತಿಳಿದ ಮಾತಾಯಿತು. ಅಮೆರಿಕ, ಯುರೋಪಿನ ನಗರಗಳಲ್ಲಿ ಬಟ್ಟೆ ಕಳಚುವುದನ್ನೇ ಪ್ರದರ್ಶನವಾಗಿಸಿದ ಕ್ಲಬ್ಬುಗಳಿವೆಯಲ್ಲ, ಇವು ಅಂಥವಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಡಾನ್ಸ್ ಬಾರಿನ ಹೆಂಗಸು ಉಡುತ್ತಿದ್ದುದು ಸೀರೆ ಇಲ್ಲವೆ ಘಾಗ್ರಾ ಚೋಳಿ. ಕುಣಿಯುತ್ತಿದ್ದುದು ಮನೆಮನೆಯ ಟಿ.ವಿ.ಯಲ್ಲಿ ಮಕ್ಕಳೂ ನೋಡುತ್ತಿದ್ದ ಹಾಡುಗಳಿಗೆ. ಗಿರಾಕಿ ಹತ್ತು ರೂಪಾಯಿಯ ನೋಟುಗಳ ಕಂತೆ ಬಿಚ್ಚಿ ಆಕೆಯ ಮೇಲೆ ಸುರಿಸುತ್ತಿದ್ದ, ಹಾರ ಮಾಡಿ ತೊಡಿಸುತ್ತಿದ್ದ. ಎಷ್ಟೋ ಬಾರುಗಳಲ್ಲಿ ಆಕೆಗೆ ಸಂಬಳವಿರಲಿಲ್ಲ. ಸುರಿದ ನೋಟುಗಳಲ್ಲಿ ಒಂದು ಪಾಲು ಆಕೆಗೆ, ಒಂದು ಪಾಲು ಬಾರಿಗೆ.

ಇದೆಲ್ಲ ಕತ್ತಲೆಯಲ್ಲಿ ನಡೆದ ಗುಟ್ಟಿನ ವ್ಯವಹಾರವೆಂದು ತಿಳಿಯುವುದು ತಪ್ಪು. ಸಾರ್ವಜನಿಕ ವಿನೋದಸ್ಥಾನಗಳ ಪರವಾನಗಿಯ ಕುರಿತು 1960ರಲ್ಲಿ ಮಾಡಿದ ನಿಯಮಗಳ ಅಡಿಯಲ್ಲಿ ಪೊಲೀಸು ಇಲಾಖೆಯೇ ಇವುಗಳಿಗೆ ಪ್ರದರ್ಶನದ ಪರವಾನಗಿ ನೀಡುತ್ತಿತ್ತು. ತಮಾಷಾ, ಮೇಳಗಳಿಗೂ ಅವೇ ನಿಯಮಗಳು. ಶುಲ್ಕ ಕಟ್ಟಬೇಕು, ನವೀಕರಿಸಬೇಕು, ಷರತ್ತುಗಳನ್ನು ಪಾಲಿಸಬೇಕು. ಅಂದರೆ ಡಾನ್ಸ್ ಬಾರು ಬೆಳೆದದ್ದು ಸರಕಾರದ ಕಣ್ಣು ತಪ್ಪಿಸಿ ಅಲ್ಲ, ಸರಕಾರದ ಮೊಹರು ಒತ್ತಿಸಿಕೊಂಡು.

ಕುಣಿದವರು ಯಾರು? ಈ ಪ್ರಶ್ನೆಯನ್ನು ಕೇಳುವ ತಾಳ್ಮೆ ತೋರಿದವರು ಕಡಿಮೆ. ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ಸ್ತ್ರೀ ಅಧ್ಯಯನ ಕೇಂದ್ರ ಮತ್ತು ಮಹಿಳಾ ಸಂಘಟನೆಗಳು 2005ರಲ್ಲಿ 50 ಬಾರುಗಳ 500 ನರ್ತಕಿಯರನ್ನು ಮಾತಾಡಿಸಿ ಒಂದು ವರದಿ ಸಿದ್ಧಪಡಿಸಿದವು. ತಲೆಮಾರುಗಳಿಂದ ಹಾಡುಕುಣಿತವೇ ಕುಲವೃತ್ತಿಯಾಗಿದ್ದ ಉತ್ತರ ಭಾರತದ ಸಮುದಾಯಗಳಿಂದ ಬಂದವರು ಅವರಲ್ಲಿ ಗಣನೀಯವಾಗಿದ್ದರು. ಜಮೀನ್ದಾರರು ಹೋದರು, ಕೋಠಿಗಳು ಮುಚ್ಚಿದವು, ಮೆಹಫಿಲು ಕೇಳುವವರಿಲ್ಲವಾದರು. ಕಾಲು ಮಾತ್ರ ಕುಣಿತವನ್ನು ಮರೆತಿರಲಿಲ್ಲ. ಇನ್ನುಳಿದವರು ಬಡತನದಿಂದ, ಒಡೆದ ಸಂಸಾರಗಳಿಂದ ಬಂದವರು. ಅನೇಕರ ದುಡಿಮೆಯ ಮೇಲೆ ಒಂದಿಡೀ ಕುಟುಂಬ ನಿಂತಿತ್ತು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ಬಳಿಕ ಲಕ್ಷಾಂತರ ಮನೆಗಳಲ್ಲಿ ಗಂಡಸಿನ ಸಂಬಳ ನಿಂತುಹೋದ ನಗರವಿದು ಎಂಬುದನ್ನೂ ಮರೆಯಬಾರದು. ಹೆಚ್ಚು ಓದಿರದ ಹೆಂಗಸಿಗೆ ಮನೆಗೆಲಸಕ್ಕಿಂತ ಹಲವು ಪಟ್ಟು ಹೆಚ್ಚು ಕೊಡುತ್ತಿದ್ದ ಕೆಲಸ ಇದೊಂದೇ ಆಗಿತ್ತು.

ಹೋಟೆಲು ಉದ್ಯಮದ ಹಿರಿಯರ ನೆನಪುಗಳನ್ನು ಬರೆದಿಟ್ಟುಕೊಳ್ಳುವ ಉದ್ದೇಶದಿಂದ ನಾವು ಮೂವರು ಒಂದು ಶನಿವಾರ ಮಧ್ಯಾಹ್ನ ಉಪನಗರದ ಅಂತಹ ಒಂದು ಬಾರಿಗೆ ಹೋಗಿದ್ದೆವು. ಹಿಂದೆ ಡಾನ್ಸ್ ಬಾರಾಗಿದ್ದು ಈಗ ಆರ್ಕೆಸ್ಟ್ರಾ ಬಾರು. ಮಳೆಗಾಲದ ಮೂರು ಗಂಟೆ. ರಾತ್ರಿ ಬಣ್ಣದ ದೀಪಗಳಲ್ಲಿ ಮುಳುಗುವ ಆ ಜಾಗ ಹಗಲಿನ ಟ್ಯೂಬ್‌ಲೈಟಿನಲ್ಲಿ ಸಾಧಾರಣ ಖಾನಾವಳಿಯಂತೆ ಕಂಡಿತು. ಎರಡು ಮೇಜುಗಳಲ್ಲಿ ಮಾತ್ರ ಗಿರಾಕಿಗಳು. ಒಬ್ಬ ಸುರ್ಮೈ ಥಾಲಿ ಉಣ್ಣುತ್ತಿದ್ದ. ಇನ್ನೊಬ್ಬ ಅರ್ಧ ಬಾಟಲಿ ಬಿಯರಿನ ಮುಂದೆ ನಿದ್ದೆಗೆ ಜಾರಿದ್ದ. ಕುರ್ಚಿಗಳನ್ನು ಮೇಜುಗಳ ಮೇಲೆ ಮಗುಚಿಟ್ಟು ಹುಡುಗನೊಬ್ಬ ನೆಲ ಒರೆಸುತ್ತಿದ್ದ. ಅವನು ಕಾರ್ಕಳದವನಲ್ಲ, ಜಾರ್ಖಂಡದವನು. ಕೊನೆಯಲ್ಲಿ ಮೊಣಕಾಲೆತ್ತರದ ವೇದಿಕೆ, ಅದರ ಸುತ್ತ ಉಕ್ಕಿನ ಕಟಾಂಜನ, ಪ್ಲಾಸ್ಟಿಕ್ಕು ಹೊದಿಸಿದ ಕೀಬೋರ್ಡು.

ಗಲ್ಲೆಯ ಹಿಂದೆ ಕುಳಿತಿದ್ದ ಯಜಮಾನರಿಗೆ ಎಪ್ಪತ್ತು ದಾಟಿತ್ತು. "ಬನ್ನಿ ಮಾರಾಯ್ರೆ, ಊಟ ಮಾಡಿಯೇ ಮಾತಾಡುವ" ಎಂದರು. ಹದಿನಾಲ್ಕನೆಯ ವಯಸ್ಸಿಗೆ ಊರು ಬಿಟ್ಟದ್ದು, ಫೋರ್ಟಿನ ಹೋಟೆಲಿನಲ್ಲಿ ಮೇಜು ಒರೆಸಿದ್ದು, ರಾತ್ರಿಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದು ಎಲ್ಲವನ್ನೂ ಹೇಳಿದರು. ಬಾರಿನ ಮಾತು ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಂದಿನ ಗೋಡೆಯತ್ತ ಕೈ ತೋರಿಸಿದರು. ಅಲ್ಲಿ ಕಟೀಲಿನ ಅಮ್ಮನ ಪಟ, ಶಿರಡಿಯ ಬಾಬಾ, ಪಕ್ಕದಲ್ಲಿ ಗಾಜಿನ ಚೌಕಟ್ಟು ಹಾಕಿಸಿದ ಹಳೆಯ ಪ್ರದರ್ಶನ ಪರವಾನಗಿ. ಕಡತಗಳ ನಡುವೆಯೇ ಬದುಕು ಕಳೆಯುವ ನಮ್ಮಂಥ ನೌಕರರಿಗೆ ಅಂತಹ ಕಾಗದವನ್ನು ಓದದೆ ಇರಲಾಗದು. ವೇದಿಕೆಯ ಅಳತೆ, ವೇಳೆ, ಶುಲ್ಕ ಸಂದಾಯವಾದ ಬಗ್ಗೆ ಟಿಪ್ಪಣಿ, ಮೊಹರು, ಸಹಿ, ನವೀಕರಣದ ಸಾಲುಗಳು. ಮುಂದಿನ ನವೀಕರಣಕ್ಕಾಗಿ ಬಿಟ್ಟ ಅಂಕಣ ಖಾಲಿ. "ಹತ್ತು ವರ್ಷ ಅವರೇ ಕೊಟ್ಟದ್ದು. ಆಮೇಲೆ ಅವರೇ ಅಶ್ಲೀಲ ಎಂದರು. ಕಾಗದ ಎರಡೂ ಒಂದೇ ಕಛೇರಿಯದು" ಎಂದರು ಯಜಮಾನರು. ಮಕ್ಕಳಿಬ್ಬರೂ ಪರದೇಶದಲ್ಲಿದ್ದಾರೆ, ತಂದೆಯ ಉದ್ಯೋಗವನ್ನು ಕೇಳಿದವರಿಗೆ ಅವರು 'ಹೋಟೆಲು' ಎಂದಷ್ಟೇ ಹೇಳುತ್ತಾರಂತೆ.

ನಾಲ್ಕರ ಹೊತ್ತಿಗೆ ಒಬ್ಬ ಹೆಂಗಸು ಬಂದರು. ನಲವತ್ತರ ಆಸುಪಾಸು. ರಾತ್ರಿಯ ಹಾಡಿಗೆ ತಾಲೀಮು. ಯಜಮಾನರು ಪರಿಚಯಿಸಿದಾಗ ನಕ್ಕು ಹಿಂದಿಯಲ್ಲಿ ಮಾತಾಡಿದರು. ರಾಜಸ್ಥಾನದವರು, ತಾಯಿ, ಅಜ್ಜಿ ಇಬ್ಬರೂ ಕುಣಿದವರು. ಇವರೂ ಇದೇ ವೇದಿಕೆಯ ಮೇಲೆ 2005ರವರೆಗೆ ಕುಣಿದವರು. ನಿಷೇಧ ಬಂದ ಮೇಲೆ ಎಂಟು ತಿಂಗಳು ಕೆಲಸವಿಲ್ಲ. ಮಗಳನ್ನು ವಸತಿಶಾಲೆಯಿಂದ ಬಿಡಿಸಬೇಕಾಯಿತು. ಆರ್ಕೆಸ್ಟ್ರಾದ ಪರವಾನಗಿಯಲ್ಲಿ ಹಾಡಬಹುದು, ಕುಣಿಯುವಂತಿಲ್ಲ ಎಂದು ತಿಳಿದಾಗ ಹಾಡು ಕಲಿಯಲು ಕುಳಿತರು. "ನನ್ನ ಕಂಠ ಹಾಡುವ ಕಂಠವಲ್ಲ, ಸಾಹೇಬರೇ. ಸರಕಾರ ನನ್ನನ್ನು ಗಾಯಕಿ ಮಾಡಿತು" ಎಂದರು. ಬಳಿಕ ಕೀಬೋರ್ಡಿನವನ ಜೊತೆ ಎತ್ತರದ ಸ್ಟೂಲಿನ ಮೇಲೆ ಕುಳಿತು ಹಳೆಯ ಹಿಂದಿ ಹಾಡೊಂದನ್ನು ಹೇಳಿದರು. ಶ್ರುತಿ ನಿಜಕ್ಕೂ ಅಷ್ಟಕ್ಕಷ್ಟೆ. ತಾಳ ಏರಿದಾಗ ಸ್ಟೂಲಿನ ಅಡ್ಡಪಟ್ಟಿಯ ಮೇಲಿದ್ದ ಎರಡು ಪಾದಗಳು ಮಾತ್ರ ಲೆಕ್ಕ ತಪ್ಪದೆ ಹೆಜ್ಜೆ ಹಾಕುತ್ತಿದ್ದವು. ನೆಲ ಒರೆಸುವ ಹುಡುಗ ಒಮ್ಮೆ ಕ್ಯಾಮರಾದ ಕಡೆ ನೋಡಿ ಮತ್ತೆ ತನ್ನ ಕೆಲಸದಲ್ಲಿ ತೊಡಗಿದ. ಉಂಡು ಮುಗಿಸಿದವನು ಕೈ ತೊಳೆಯಲು ಎದ್ದ. ಮಲಗಿದ್ದವನು ಏಳಲಿಲ್ಲ.

ಆ ಎಂಟು ತಿಂಗಳಿಗೆ ಕಾರಣವಾದ ಶಾಸನದ ಕಥೆಯನ್ನು ದಿನಾಂಕಗಳ ಸಹಿತ ನೆನೆಯುವುದು ಅಗತ್ಯ. 2005ರ ಮಾರ್ಚಿನ ಕೊನೆಯಲ್ಲಿ ಮಹಾರಾಷ್ಟ್ರದ ಉಪಮುಖ್ಯಮಂತ್ರಿಯೂ ಗೃಹಮಂತ್ರಿಯೂ ಆಗಿದ್ದ ಆರ್. ಆರ್. ಪಾಟೀಲರು ಡಾನ್ಸ್ ಬಾರುಗಳನ್ನು ಮುಚ್ಚಿಸುವುದಾಗಿ ಘೋಷಿಸಿದರು. ಯುವಕರು ಹಾಳಾಗುತ್ತಿದ್ದಾರೆ, ಸಂಸಾರಗಳು ಬೀದಿಗೆ ಬೀಳುತ್ತಿವೆ, ಅಪರಾಧ ಬೆಳೆಯುತ್ತಿದೆ, ಹೆಂಗಸರ ಘನತೆಗೆ ಕುಂದು ಎಂಬುವು ಕಾರಣಗಳು. ಸರಕಾರ ಮೊದಲು ಸುಗ್ರೀವಾಜ್ಞೆಯ ದಾರಿ ಹಿಡಿಯಿತು. ಆಗ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದವರು ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್. ಎಂ. ಕೃಷ್ಣ. ಅವರು ಅದಕ್ಕೆ ಸಹಿ ಹಾಕದೆ ಹಿಂದಿರುಗಿಸಿದರು. ಮಸೂದೆ ವಿಧಾನಮಂಡಲಕ್ಕೆ ಬಂದು ಜುಲೈ ಮೂರನೆಯ ವಾರದಲ್ಲಿ ಅಂಗೀಕಾರ ಪಡೆಯಿತು. ಅದಾದ ಕೆಲವೇ ದಿನಗಳಲ್ಲಿ, ಜುಲೈ 26ರಂದು, ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದು ನಗರ ಮುಳುಗಿತು. ಪತ್ರಿಕೆಗಳ ಪುಟಗಳನ್ನು ಪ್ರವಾಹ ತುಂಬಿಕೊಂಡಿತು. ನೀರು ಇಳಿದ ಮೇಲೆ, ಆಗಸ್ಟಿನ ಮಧ್ಯದಲ್ಲಿ, ಕಾನೂನು ಜಾರಿಗೆ ಬಂತು. ಕೆಲಸ ಕಳೆದುಕೊಂಡ ನರ್ತಕಿಯರ ಸಂಖ್ಯೆ 75,000 ಎಂದು ಆ ಕಾಲದಲ್ಲಿ ಹೇಳಲಾಗುತ್ತಿತ್ತು. ಅದೇ ಸಂಖ್ಯೆ ನ್ಯಾಯಾಲಯಗಳ ಮುಂದೆಯೂ ಬಂತು. ಬಾಣಸಿಗರು, ವೇಟರುಗಳು, ಆರ್ಕೆಸ್ಟ್ರಾದ ವಾದಕರು ಇದರಲ್ಲಿ ಸೇರಿಲ್ಲ.

ತಿದ್ದುಪಡಿಯಾದ ಪೊಲೀಸು ಕಾಯಿದೆಯ ಎರಡು ಕಲಮುಗಳನ್ನು ಒಟ್ಟಿಗೆ ಓದಬೇಕು. 33 ಎ ಕಲಮು ಊಟದ ಮನೆ, ಪರ್ಮಿಟ್ ರೂಮು, ಬಿಯರ್ ಬಾರುಗಳಲ್ಲಿ ಎಲ್ಲ ಬಗೆಯ ನೃತ್ಯವನ್ನೂ ನಿಷೇಧಿಸಿತು. 33 ಬಿ ಕಲಮು ಮೂರು ನಕ್ಷತ್ರ ಮತ್ತು ಅದಕ್ಕೂ ಮೇಲಿನ ಹೋಟೆಲುಗಳಿಗೆ, ಸದಸ್ಯರ ಕ್ಲಬ್ಬುಗಳಿಗೆ, ಜಿಮಖಾನೆಗಳಿಗೆ ವಿನಾಯಿತಿ ಕೊಟ್ಟಿತು. ಒಂದೇ ಹಾಡಿಗೆ ಹಾಕಿದ ಅದೇ ಹೆಜ್ಜೆ ಮುಲುಂಡಿನ ಬಾರಿನಲ್ಲಿ ಅಶ್ಲೀಲ, ಸಮುದ್ರ ಕಾಣುವ ಹೋಟೆಲಿನಲ್ಲಿ ಸಂಸ್ಕೃತಿ! ನೋಡುವವನ ಕಿಸೆ ಎಷ್ಟು ದೊಡ್ಡದೆಂಬುದರ ಮೇಲೆ ಹೆಂಗಸಿನ ಘನತೆಯನ್ನು ಅಳೆಯುವ ಕಾನೂನು ಇದು.

ಹೋಟೆಲು ಮಾಲೀಕರ ಸಂಘಟನೆಯಾದ 'ಆಹಾರ್' ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ವರ್ಷಾ ಕಾಳೆಯವರ ನೇತೃತ್ವದ ಭಾರತೀಯ ಬಾರ್‌ಗರ್ಲ್ಸ್ ಯೂನಿಯನ್ನು ಸಹ ಹೋಯಿತು. ಹೆಂಗಸರು ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಬೀದಿಗಿಳಿದು ತಮ್ಮ ಕೆಲಸವನ್ನು ಕೇಳಿದರು. ನ್ಯಾಯಮೂರ್ತಿಗಳಾದ ರೆಬೆಲೊ ಮತ್ತು ರೋಶನ್ ದಳವಿ ಅವರ ಪೀಠ 2006ರ ಏಪ್ರಿಲ್ 12ರಂದು ನಿಷೇಧವನ್ನು ಅಸಾಂವಿಧಾನಿಕವೆಂದಿತು: ಸಮಾನತೆಗೆ ಭಂಗ, ಉದ್ಯೋಗದ ಹಕ್ಕಿಗೆ ಭಂಗ. ಸರಕಾರ ಮೇಲ್ಮನವಿ ಸಲ್ಲಿಸಿತು. ತೀರ್ಪು ಅಮಾನತಿನಲ್ಲಿ ಉಳಿಯಿತು. ಸರ್ವೋಚ್ಚ ನ್ಯಾಯಾಲಯ ಉಚ್ಚ ನ್ಯಾಯಾಲಯದ ಮಾತನ್ನು ಎತ್ತಿಹಿಡಿದದ್ದು 2013ರ ಜುಲೈ 16ರಂದು. ಏಳು ವರ್ಷ! ನಿಷೇಧದಿಂದಾಗಿ ಎಷ್ಟೋ ಹೆಂಗಸರು ಇನ್ನೂ ಕೆಟ್ಟ ದಾರಿಗೆ ತಳ್ಳಲ್ಪಟ್ಟರೆಂಬುದನ್ನು ಆ ತೀರ್ಪು ಗಮನಿಸಿತು. 2014ರ ಜೂನಿನಲ್ಲಿ ಸರಕಾರ ಹೊಸ ತಿದ್ದುಪಡಿ ತಂದಿತು. ತಾರತಮ್ಯವೆಂಬ ಆಕ್ಷೇಪವಿತ್ತಲ್ಲವೆ? ನಕ್ಷತ್ರದ ಹೋಟೆಲುಗಳನ್ನೂ ನಿಷೇಧದೊಳಗೆ ತಂದು ಆಕ್ಷೇಪವನ್ನು ಪರಿಹರಿಸಿತು. 2015ರ ಅಕ್ಟೋಬರಿನಲ್ಲಿ ಅದಕ್ಕೂ ತಡೆ ಬಿತ್ತು. 2016ರಲ್ಲಿ ಪ್ರತ್ಯೇಕ ಕಾಯಿದೆಯೇ ಬಂತು. ಅಶ್ಲೀಲ ನೃತ್ಯದ ನಿಷೇಧ ಮತ್ತು ಅಲ್ಲಿ ದುಡಿಯುವ ಮಹಿಳೆಯರ ಘನತೆಯ ರಕ್ಷಣೆ ಎರಡೂ ಅದರ ಹೆಸರಿನಲ್ಲೇ ಇವೆ. ದೇವಸ್ಥಾನ, ಶಾಲೆಗಳಿಂದ ಒಂದು ಕಿಲೋಮೀಟರು ದೂರವಿರಬೇಕು, ಕುಣಿಯುವಲ್ಲಿ ಮದ್ಯ ಕೂಡದು, ಕ್ಯಾಮರಾ ಇರಬೇಕು ಎಂಬಂತಹ ಷರತ್ತುಗಳು. ಮುಂಬಯಿಯಲ್ಲಿ ಗುಡಿಯೂ ಶಾಲೆಯೂ ಇಲ್ಲದ ಒಂದು ಕಿಲೋಮೀಟರನ್ನು ಎಲ್ಲಿ ಹುಡುಕುವುದು? 2019ರ ಜನವರಿ 17ರಂದು ನ್ಯಾಯಮೂರ್ತಿ ಸಿಕ್ರಿ ಅವರ ಪೀಠ ಈ ಮೂರೂ ಷರತ್ತುಗಳನ್ನು ತೆಗೆದುಹಾಕಿತು. ನೋಟು ಎರಚುವುದನ್ನು ನಿಷೇಧಿಸಿ ಬಕ್ಷೀಸು ಕೊಡುವುದಕ್ಕೆ ಅವಕಾಶವಿತ್ತಿತು. ಸಂಜೆ ಆರರಿಂದ ರಾತ್ರಿ ಹನ್ನೊಂದೂವರೆಯ ವೇಳೆಯನ್ನು ಉಳಿಸಿತು. ಮಾಲೀಕರು ಪ್ರತಿಯೊಂದು ಸುತ್ತಿನಲ್ಲಿಯೂ ಗೆದ್ದರು. ಆದರೆ 2005ರಲ್ಲಿ ಇಪ್ಪತ್ತೈದು ವರ್ಷದವಳಾಗಿದ್ದ ನರ್ತಕಿಗೆ 2019ರಲ್ಲಿ ಮೂವತ್ತೊಂಬತ್ತು. ನ್ಯಾಯ ಬಂದಿತು, ಅಷ್ಟರಲ್ಲಿ ಅವಳ ಕಾಲದ ಕುಣಿತ ಮುಗಿದಿತ್ತು.

ಘನತೆಯ ಹೆಸರಿನಲ್ಲಿ ಕುಣಿತವನ್ನು ನಿಲ್ಲಿಸುವ ಶಾಸನ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮುಂಬಯಿ ಪ್ರಾಂತ 1934ರಲ್ಲಿ ದೇವದಾಸಿ ಸಂರಕ್ಷಣಾ ಕಾಯಿದೆಯನ್ನು ತಂದಿತು. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರ ಅಂದು ಈ ಪ್ರಾಂತದಲ್ಲಿಯೇ ಇದ್ದವು. ಮದರಾಸಿನಲ್ಲಿ ಅಂತಹ ಮಸೂದೆಯ ಚರ್ಚೆ ನಡೆದಾಗ ಅದನ್ನು ವಿರೋಧಿಸಿ ನಿಂತ ದೇವದಾಸಿಯರಲ್ಲಿ ಒಬ್ಬರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು. ಸಂಗೀತದಲ್ಲಿ, ಪಾಂಡಿತ್ಯದಲ್ಲಿ ಎಣೆಯಿಲ್ಲದ ಆ ಹೆಂಗಸಿನ ಮಾತು ಗೆಲ್ಲಲಿಲ್ಲ. ಕರ್ನಾಟಕ 1982ರಲ್ಲಿ ಮತ್ತೆ ಕಾನೂನು ಮಾಡಬೇಕಾಯಿತು. ಸವದತ್ತಿ, ಅಥಣಿಗಳ ಕಡೆಯಿಂದ ಕಾಮಾಠಿಪುರಕ್ಕೆ ಬಂದ ಹೆಂಗಸರನ್ನು ಬಲ್ಲ ನಗರ ಇದು. ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿಸಿ ಬಿಡುವ ಪದ್ಧತಿ ನಿಲ್ಲಬೇಕಾಗಿತ್ತು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಪದ್ಧತಿಯನ್ನು ನಿಲ್ಲಿಸುವುದು ಬೇರೆ, ಅದರಲ್ಲಿ ಬದುಕಿದವರಿಗೆ ಮುಂದಿನ ಊಟ ಎಲ್ಲಿಂದ ಎಂದು ಕೇಳುವುದು ಬೇರೆ. ಬೆಂಗಳೂರಿನಲ್ಲಿಯೂ 2005ರಲ್ಲಿಯೇ ಲೈವ್ ಬ್ಯಾಂಡು, ಕ್ಯಾಬರೆಗಳಿಗೆ ಪೊಲೀಸು ಕಮಿಷನರರ ಪರವಾನಗಿ ಕಡ್ಡಾಯವೆನ್ನುವ ಆದೇಶ ಬಂತು. 2018ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಡಾನ್ಸ್ ಬಾರಿನ ಪರವಾಗಿ ವಕಾಲತ್ತು ವಹಿಸುವುದು ನಮ್ಮ ಉದ್ದೇಶವಲ್ಲ. ಅಲ್ಲಿ ಶೋಷಣೆಯಿತ್ತು. ಸುರಿದ ನೋಟಿನಲ್ಲಿ ಬಾರು ತೆಗೆದುಕೊಳ್ಳುತ್ತಿದ್ದ ಪಾಲನ್ನು ದುಡಿಮೆಯ ನ್ಯಾಯದ ಯಾವ ತಕ್ಕಡಿಯೂ ಒಪ್ಪಲಾರದು. ಹಫ್ತಾ ಇತ್ತು, ದಾಳಿಯ ಭಯವಿತ್ತು. ಒಂದು ರಾತ್ರಿಯಲ್ಲಿ ತಿಂಗಳ ಸಂಬಳವನ್ನು ಎರಚಿ ಮನೆಗೆ ಹೋದ ಗಂಡಸಿನ ಹೆಂಡತಿಯ ಕಣ್ಣೀರೂ ಈ ಚರಿತ್ರೆಯ ಭಾಗವೇ. ಇವುಗಳಲ್ಲಿ ಒಂದೊಂದಕ್ಕೂ ಕಾನೂನಿನ ಉಪಾಯವಿತ್ತು: ಸಂಬಳ ಕಡ್ಡಾಯ ಮಾಡಬಹುದಿತ್ತು, ಭವಿಷ್ಯನಿಧಿಗೆ ಸೇರಿಸಬಹುದಿತ್ತು, ಹಫ್ತಾ ತೆಗೆದುಕೊಂಡವನನ್ನು ಹಿಡಿಯಬಹುದಿತ್ತು. ಆರಿಸಿಕೊಂಡದ್ದು ಮಾತ್ರ ಎಲ್ಲಕ್ಕಿಂತ ಸುಲಭವಾದದ್ದು. ವೇದಿಕೆಯ ಸುತ್ತ ನಿಂತಿದ್ದ ನಾಲ್ವರಲ್ಲಿ, ಅಂದರೆ ಪರವಾನಗಿ ಕೊಟ್ಟವನು, ಬಾರು ನಡೆಸಿದವನು, ನೋಟು ಎರಚಿದವನು, ಕುಣಿದವಳು ಈ ನಾಲ್ವರಲ್ಲಿ, ಕೊನೆಯವಳನ್ನು ಮನೆಗೆ ಕಳುಹಿಸಲಾಯಿತು. ಪುನರ್ವಸತಿಯ ಮಾತು ಮಾತಾಗಿಯೇ ಉಳಿಯಿತು.

ಸ್ಮರಣ ಸಂಚಿಕೆಗಳ ಮಾತಿಗೆ ಮರಳೋಣ. ಹೊರನಾಡಿನಲ್ಲಿ ನೆಲೆ ನಿಂತ ಸಮುದಾಯಕ್ಕೆ ತನ್ನ ಕುರಿತು ಒಳ್ಳೆಯದನ್ನೇ ಬರೆದುಕೊಳ್ಳುವ ಆಸೆ ಸಹಜ. ಪರಊರಿನಲ್ಲಿ ಮರ್ಯಾದೆ ಎಂಬುದು ಬಾಡಿಗೆಯ ಮನೆಯಿದ್ದಂತೆ. ತಿಂಗಳು ತಿಂಗಳು ಅದಕ್ಕೆ ಕಟ್ಟುತ್ತಿರಬೇಕು. ಇಡ್ಲಿಯ ಆವಿಯಲ್ಲಿ, ರಾತ್ರಿಶಾಲೆಯ ಲಾಟೀನಿನ ಬೆಳಕಿನಲ್ಲಿ ಕಾಣುವ ಚರಿತ್ರೆ ಸುಳ್ಳಲ್ಲ. ಆದರೆ ಅದು ಪರ್ಮಿಟ್ ರೂಮಿನ ಬಾಗಿಲಲ್ಲಿ ನಿಂತುಬಿಡುತ್ತದೆ. ಆ ಬಾಗಿಲ ಒಳಗೆ ಗಳಿಸಿದ ಹಣ ಹೊರಗೆ ಬಂದು ಶಾಲೆಯ ಕೋಣೆಯಾಗಿದೆ, ಗುಡಿಯ ಧ್ವಜಸ್ತಂಭವಾಗಿದೆ, ವಿದ್ಯಾರ್ಥಿವೇತನವಾಗಿದೆ, ನಮ್ಮ ಕವಿಗೋಷ್ಠಿಯ ಊಟವಾಗಿದೆ. ದಾನಿಗಳ ಹೆಸರು ಅಮೃತಶಿಲೆಯ ಮೇಲಿದೆ. ಆ ಹಣದಲ್ಲಿ ಒಂದು ಪಾಲು ಯಾರ ಕಾಲ್ಗೆಜ್ಜೆಯಿಂದ ಬಂದಿತ್ತೋ ಅವರ ಹೆಸರು ಎಲ್ಲಿಯೂ ಇಲ್ಲ. ಅವರು ಕನ್ನಡಿಗರಲ್ಲ, ಹಾಗಾಗಿ ನಮ್ಮ ಚರಿತ್ರೆಯವರಲ್ಲ ಎನ್ನಬಹುದು. ಒಂದೇ ಸೂರಿನ ಕೆಳಗೆ ಇಪ್ಪತ್ತು ವರ್ಷ ದುಡಿದವರನ್ನು ಭಾಷೆಯ ಗೆರೆ ಎಳೆದು ಬೇರ್ಪಡಿಸುವುದು ಸಂಘದ ಸದಸ್ಯತ್ವಕ್ಕೆ ಸರಿಹೋದೀತು, ಚರಿತ್ರೆಗೆ ಸರಿಹೋಗದು.

ಆ ತಲೆಮಾರಿನ ಯಜಮಾನರು ಈಗ ಎಪ್ಪತ್ತು ಎಂಬತ್ತರಲ್ಲಿದ್ದಾರೆ. ನರ್ತಕಿಯರು ನಗರದ ಅಂಚುಗಳಿಗೆ, ಹಳೆಯ ಊರುಗಳಿಗೆ ಚದುರಿದ್ದಾರೆ. ಪರವಾನಗಿಯ ಕಾಗದಗಳನ್ನು ಇಂದಲ್ಲ ನಾಳೆ ಯಾರೋ ಗೋಡೆಯಿಂದ ಇಳಿಸಿ ರದ್ದಿಗೆ ಹಾಕುತ್ತಾರೆ. ಮುಂದಿನ ಬಾರಿ ಯಾವುದೇ ಸಂಘ ಸ್ಮರಣ ಸಂಚಿಕೆ ತರುವುದಾದರೆ ಜಾಹೀರಾತು ಕೇಳಲು ಬಾರಿಗೆ ಹೋಗುವ ಕಾರ್ಯಕರ್ತರು ಚೆಕ್ಕಿನ ಜೊತೆ ಒಂದು ಗಂಟೆಯ ಮಾತನ್ನೂ ಕೇಳಿ ತರಲಿ. ಗಲ್ಲೆಯ ಮೇಲೆ ಕೂತವರ ಮಾತನ್ನಷ್ಟೇ ಅಲ್ಲ, ಸಂಜೆಯ ತಾಲೀಮಿಗೆ ಬಂದವರ ಮಾತನ್ನೂ. ಅದನ್ನು ಸಂಚಿಕೆಯ ಮುಂದಿನ ಪುಟಗಳಲ್ಲಿ, ರಾತ್ರಿಶಾಲೆಯ ಲೇಖನದ ಪಕ್ಕದಲ್ಲಿಯೇ ಅಚ್ಚು ಹಾಕಬೇಕೆಂಬುದು ನಮ್ಮ ವಿನಂತಿ.